ಉಪ್ಪರಿಗೆಯ ಮೇಲೊಂದು ತಿಪ್ಪೆ

ತಿಪ್ಪೆಯ ಮೇಲೆ ಮಲಗಿ ಉಪ್ಪರಿಗೆಯ ಕನಸು ಕಾಣುವವನನ್ನು ನಮ್ಮ ಗಾದೆ ಗೇಲಿ ಮಾಡುತ್ತದೆ. ಬೆಂಗಳೂರಿನಲ್ಲಿ ಕಾಲ ತಿರುಗಿದೆ. ಮೂರನೆಯ ಮಹಡಿಯಲ್ಲಿ ಮಲಗುವ ನನ್ನಂಥವರಿಗೆ ಈಗ ತಿಪ್ಪೆಯದೇ ಕನಸು. ತಾರಸಿಯ ಮೂಲೆಯಲ್ಲಿ, ತೂತು ಕೊರೆದ ನೀಲಿ ಡ್ರಮ್ಮಿನಲ್ಲಿ, ಅದು ನನಸೂ ಆಗಿದೆ.

ಹಳ್ಳಿಯಲ್ಲಿ ತಿಪ್ಪೆಗಿದ್ದ ಮರ್ಯಾದೆಯೇ ಬೇರೆ. ದೀಪಾವಳಿಯಲ್ಲಿ ಅದಕ್ಕೂ ಒಂದು ದೀಪ. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಯ್ಯ, ತಿಪ್ಪಮ್ಮ ಎಂದು ಕರೆಯುತ್ತಿದ್ದರು. ಸಾವು ಮೂಗು ಮುಚ್ಚಿಕೊಂಡು ಮುಂದೆ ಹೋಗಲಿ ಎಂದು. ನನ್ನ ಡ್ರಮ್ಮಿಗೆ ಅಂಥ ಭಾಗ್ಯವಿಲ್ಲ. ಹೆಂಡತಿ ಅದನ್ನು ‘ನಿಮ್ಮದು’ ಎನ್ನುತ್ತಾಳೆ, ಅಷ್ಟೆ.

ಗೊಬ್ಬರದ ಶಾಸ್ತ್ರ ಸರಳ. ಸಾರಜನಕ ಒಂದು ಪಾಲಿದ್ದರೆ ಇಂಗಾಲ 25ರಿಂದ 30 ಪಾಲು ಬೇಕು. ಅಂದರೆ ತರಕಾರಿ ಸಿಪ್ಪೆ ಒಂದು ಬುಟ್ಟಿ ಬಿದ್ದರೆ ಒಣ ಎಲೆ ಎರಡು ಬುಟ್ಟಿ ಬೀಳಬೇಕು. ಸಿಪ್ಪೆಗೆ ನಮ್ಮಲ್ಲಿ ಬರವಿಲ್ಲ. ಅವರೆಕಾಯಿ ಕಾಲದಲ್ಲಂತೂ ಹಿತಕಿದ ಬೇಳೆ ಸಾರು ಒಂದು ಪಾತ್ರೆ, ಸಿಪ್ಪೆ ಒಂದು ಮೂಟೆ. ಎಲೆಗೆ ಎಲ್ಲಿಗೆ ಹೋಗುವುದು? ಮಾಗಿ ಕಳೆಯುವ ಹೊತ್ತಿಗೆ ಬೀದಿಯ ಹೊಂಗೆಗಳು ಎಲೆ ಉದುರಿಸತೊಡಗಿದರೆ ನಾನು ಬೆಳಗಿನ ಜಾವವೇ ಗೋಣಿಚೀಲ ಹಿಡಿದು ಹೊರಡುತ್ತೇನೆ. ಗುಡಿಸುವ ಹೆಂಗಸು ಮೊದಲ ದಿನ ಅನುಮಾನದಿಂದ ನೋಡಿದಳು. ಈಗ ನನಗಾಗಿಯೇ ಒಂದು ಗುಡ್ಡೆ ತೆಗೆದಿಡುತ್ತಾಳೆ. ಆ ಗುಡ್ಡೆಗೆ ಬೆಂಕಿಕಡ್ಡಿ ಗೀರುವ ಸಭ್ಯ ಗೃಹಸ್ಥರ ಮೇಲೆ ಮಾತ್ರ ನನಗಿನ್ನೂ ಕ್ಷಮೆ ಹುಟ್ಟಿಲ್ಲ.

ದೊಡ್ಡ ರಾಶಿಯಾದರೆ ಒಳಗೆ 60 ಡಿಗ್ರಿಯವರೆಗೆ ಕಾವು ಏರಿ, ಕಳೆಯ ಬೀಜವೂ ಸತ್ತುಹೋಗುತ್ತದೆ. ನನ್ನ ಡ್ರಮ್ಮಿನದು ಹಸುಗೂಸಿನ ಜ್ವರ. ಕೈಯಿಟ್ಟರೆ ಗೊತ್ತಾಗುತ್ತದೆ, ಆತಂಕಕ್ಕೆ ಕಾರಣವಿಲ್ಲ. ಹಾಗಾಗಿ ಗೊಬ್ಬರ ಹಾಕಿದ ಗುಲಾಬಿ ಕುಂಡದಲ್ಲೆಲ್ಲ ಟೊಮೆಟೊ ಸಸಿ. ಗುಲಾಬಿಗಿಂತ ಅವೇ ಚೆನ್ನಾಗಿ ಬರುತ್ತವೆ.

ಮಗುಚಬೇಕೋ ಬೇಡವೋ ಎಂಬುದು ಇಲ್ಲಿನ ದ್ವೈತಾದ್ವೈತ. ಆಲ್ಬರ್ಟ್ ಹೊವಾರ್ಡ್ ಇಂದೋರಿನಲ್ಲಿ ರೂಪಿಸಿ 1931ರಲ್ಲಿ ಪುಸ್ತಕವಾಗಿಸಿದ ವಿಧಾನದಲ್ಲಿ ರಾಶಿಯನ್ನು ಆಗಾಗ ಮಗುಚುತ್ತಿರಬೇಕು. ಗಾಳಿಯಾಡಿ ಮೂರು ತಿಂಗಳಿಗೆಲ್ಲ ಗೊಬ್ಬರ ಸಿದ್ಧ. 1939ರಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಆಚಾರ್ಯ ಎಂಬ ವಿಜ್ಞಾನಿ ಇನ್ನೊಂದು ದಾರಿ ತೋರಿಸಿದರು: ಗುಂಡಿಯಲ್ಲಿ ಪದರ ಪದರವಾಗಿ ತುಂಬು, ಮೇಲೆ ಮಣ್ಣು ಮೆತ್ತು, ಆರೆಂಟು ತಿಂಗಳು ಮರೆತುಬಿಡು. ಇದನ್ನು ಜಗತ್ತು ಬೆಂಗಳೂರು ಪದ್ಧತಿ ಎಂದೇ ಕರೆಯುತ್ತದೆ. ಪೆನ್ಷನರುಗಳ ಊರಿಗೆ ಒಪ್ಪುವ ಕೀರ್ತಿ. ನನ್ನ ಸೊಂಟ ಬೆಂಗಳೂರಿನ ಪರ, ನೆರೆಯವರ ಮೂಗು ಇಂದೋರಿನ ಪರ. ಮೂಗುಗಳ ಸಂಖ್ಯೆ ಹೆಚ್ಚಿರುವುದರಿಂದ ಭಾನುವಾರ ಬೆಳಿಗ್ಗೆ ಮಗುಚುತ್ತೇನೆ.

ಮಳೆಗಾಲದಲ್ಲಿ ಹುಳು ಬರುತ್ತವೆ, ಬೆರಳುಗಾತ್ರದ ಹುಳುಗಳಲ್ಲ, ಅಕ್ಕಿಕಾಳು ಊದಿದಂಥವು. ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಗಳು. ಕಚ್ಚುವುದಿಲ್ಲ, ಅಡಿಗೆಮನೆಗೆ ನುಗ್ಗುವುದಿಲ್ಲ, ನಾವು ತಿಂದು ಬಿಟ್ಟದ್ದನ್ನು ನಮಗಿಂತ ಶ್ರದ್ಧೆಯಿಂದ ತಿನ್ನುತ್ತವೆ. ಇದನ್ನೆಲ್ಲ ವಿವರಿಸುವಷ್ಟರಲ್ಲಿ ನೆಂಟರು ಕೆಳಗಿಳಿದು ಚಪ್ಪಲಿ ಹುಡುಕುತ್ತಿರುತ್ತಾರೆ.

ಈ ಹುಚ್ಚಿನ ತೊಂದರೆಯೆಂದರೆ ದೃಷ್ಟಿ ಕೆಡುವುದು. ಎಳನೀರಿನವನ ಗಾಡಿಯ ಹಿಂದಿನ ಬುರುಡೆಗಳು, ಹೂವಾಡಗಿತ್ತಿಯ ಬಾಡಿದ ಸೇವಂತಿಗೆ, ಕಬ್ಬಿನ ಹಾಲಿನವನ ಸಿಪ್ಪೆ, ಎಲ್ಲವೂ ಪರರ ಸೊತ್ತಾಗಿ ಕಾಡುತ್ತವೆ. ಮೊನ್ನೆ ಮದುವೆಯೊಂದರಲ್ಲಿ ಪಂಕ್ತಿಯ ಉದ್ದಕ್ಕೂ ಹಾಸಿದ್ದ ಬಾಳೆಲೆಗಳನ್ನೇ ನೋಡುತ್ತಿದ್ದೆ. ಇನ್ನೊಂದು ಸೌಟು ಪಾಯಸ ಬೇಕೇ ಎಂದು ಕೇಳಿದವನಿಗೆ, “ಊಟ ಆದಮೇಲೆ ಈ ಎಲೆಗಳನ್ನೆಲ್ಲ ಏನು ಮಾಡ್ತೀರಿ?” ಎಂದುಬಿಟ್ಟೆ. ಹೆಂಡತಿ ತಕ್ಷಣ ಅತ್ತ ತಿರುಗಿ, ಪಕ್ಕದ ಎಲೆಯ ಅಪರಿಚಿತರೊಡನೆ ಬಹಳ ಆತ್ಮೀಯವಾಗಿ ಮಾತಿಗಿಳಿದಳು.