ನೀರು ಏರೋದು ಮೇಲಕ್ಕೆ ಸ್ವಾಮಿ!

ಕೊಳ್ಳೇಗಾಲದ ಬಳಿ ಕಾವೇರಿ ದಡದಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಮೈತುಂಬಾ ಅಂಕಿ ಬರೆಸಿಕೊಂಡು ಹೊಳೆಯಲ್ಲಿ ನಿಂತ ಅಲ್ಲಿನ ಅಳತೆಗೋಲು ನಮ್ಮ ಪತ್ರಿಕೆಗೆ ಮಾತಾಡಲು ಒಪ್ಪಿತು.

ಕೆಲಸ ಹೇಗಿದೆ?

ಸೆಂಟ್ರಲ್ ಗೌರ್ಮೆಂಟು ಸ್ವಾಮಿ. ವರ್ಗಾವಣೆ ಇಲ್ಲ, ಬಡ್ತಿಯೂ ಇಲ್ಲ. ಮಳೆಗಾಲದಲ್ಲಿ ಮಾತ್ರ ಉಸಿರಾಡೋಕೂ ಬಿಡುವಿಲ್ಲ.

ನಿಮ್ಮ ಅಂಕಿ ಕೇಳೋಕೆ ಯಾರು ಬರ್ತಾರೆ?

ನನ್ನ ಅಂಕಿ ಯಾರಿಗೆ ಬೇಕು? ಕೆಳಗೆ ಬಿಳಿಗುಂಡ್ಲಲ್ಲಿ ನನ್ನ ತಮ್ಮ ಇದ್ದಾನೆ. ಅವನ ಅದೃಷ್ಟ ನೋಡಿ. ಅಲ್ಲಿ ಅಳೆದು ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಬಿಡಬೇಕು ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳ್ತು. ಪಾಯಿಂಟ್ ಇಪ್ಪತ್ತೈದು! ರಾಜ್ಯ ಬಿಟ್ಟು ಹೋಗೋ ನೀರಿಗೆ ಅಷ್ಟು ಕರಾರುವಾಕ್ಕು. ಮನೆಯೊಳಗೆ ಬರೋ ನೀರಿಗೆ 'ಮೊಣಕಾಲುದ್ದ, ಸೊಂಟದುದ್ದ' ಅಂದರೆ ಸಾಕು.

ಮನೆ ಕಟ್ಟೋರಿಗೆ ನಿಯಮಗಳಿವೆಯಲ್ಲ?

ಇಲ್ಲ ಅಂದವರ‍್ಯಾರು? ಭೂಪರಿವರ್ತನೆ, ಬಡಾವಣೆ ನಕ್ಷೆ, ರಸ್ತೆ ಅಗಲ, ಸೆಟ್‌ಬ್ಯಾಕ್, ಇ-ಸ್ವತ್ತು. ಟೇಪು ಹಿಡಿದು ದಡದಿಂದ ಇಷ್ಟು ಮೀಟರ್, ಪಕ್ಕದ ಗೋಡೆಯಿಂದ ಇಷ್ಟು ಅಡಿ ಅಂತ ಅಡ್ಡಡ್ಡ ಅಳೀತಾರೆ. ನೀರು ಏರೋದು ಮೇಲಕ್ಕೆ. ಅದನ್ನ ಅಳೆಯೋನು ನಾನು. ನನ್ನನ್ನ ಯಾರೂ ಕೇಳಲ್ಲ.

ಅದಕ್ಕೊಂದು ಕಾನೂನು ಇಲ್ಲವೇ?

ನೆರೆ ಬಯಲನ್ನ ಗುರುತಿಸಿ, ಅಲ್ಲಿ ಏನು ಕಟ್ಟಬಹುದು, ಏನು ಕೂಡದು ತೀರ್ಮಾನಿಸಿ ಅಂತ ಕೇಂದ್ರ 1975ರಲ್ಲೇ ರಾಜ್ಯಗಳಿಗೆ ಮಾದರಿ ಮಸೂದೆ ಕಳಿಸಿತ್ತು. ಮನೆ, ಕಚೇರಿ 25 ವರ್ಷಕ್ಕೊಮ್ಮೆ ಬರುವ ನೆರೆಮಟ್ಟಕ್ಕಿಂತ ಮೇಲಿರಲಿ, ಪಾರ್ಕು, ಆಟದ ಬಯಲು ತಗ್ಗಲ್ಲಿರಲಿ ಅನ್ನೋದು ನಮ್ಮ ಇಲಾಖೆ ಲೆಕ್ಕ. ಮಣಿಪುರ, ಉತ್ತರಾಖಂಡ ಕಾಯ್ದೆ ಮಾಡಿಕೊಂಡವು. ಮರಳುಗಾಡಿನ ರಾಜಸ್ಥಾನವೂ ಮಾಡಿಕೊಂಡಿತು! ಕರ್ನಾಟಕ ಮಾಡಲಿಲ್ಲ. ಗಟ್ಟಿ ಗುಂಡಿಗೆ.

ಹಾಗಾದ್ರೆ ನೆರೆಗೆ ಸಿಕ್ಕೋ ಹೊಳೆದಂಡೆಯ ದಾಸನಪುರದವರದೇ ತಪ್ಪು ಅನ್ನಿ.

ಬಿಡ್ತು ಅನ್ನಿ! ದಾಸನಪುರ, ಮುಳ್ಳೂರು, ಹಳೇ ಹಂಪಾಪುರ, ಹಳೇ ಅಣಗಳ್ಳಿ ತಲೆಮಾರುಗಳಿಂದ ಇರೋ ಊರು. 2018ರಲ್ಲೂ 2019ರಲ್ಲೂ ನೆರೆ ಬಂದಾಗ ಅವರು ದನಕರು ಹೊಡಕೊಂಡು ಊರು ಬಿಟ್ಟದ್ದನ್ನ ಕಂಡವನು ನಾನು. ಅವರಿಗೆ ನೋಟಿಸ್ ಕೊಡೋ ಬದಲು ಎತ್ತರದಲ್ಲಿ ಜಾಗ ಕೊಡಲಿ. ನನ್ನ ಜಗಳ ಹೊಸದಾಗಿ ತಗ್ಗಿಗೆ ಮಣ್ಣು ಸುರಿದು ಸೈಟು ಮಾಡೋರ ಜೊತೆ. ಅಲ್ಲಿ ಹರಡಿಕೊಳ್ಳಬೇಕಾದ ನೀರು ಹಳೇ ಊರಿನ ಹಟ್ಟಿಗೆ ನುಗ್ಗುತ್ತೆ. ಸೈಟು ಮಾರಿದವನು ಅಷ್ಟೊತ್ತಿಗೆ ಮೈಸೂರಲ್ಲಿರ್ತಾನೆ.

ಯಳಂದೂರು, ಹನೂರಿನ ಕಡೆ ನಿಶ್ಚಿಂತೆಯೇ?

ಸುವರ್ಣಾವತಿ ನದಿ ಸೊರಗಿ ಮಲಗಿದ್ದಳು ಅಂತ ಎಲ್ಲರೂ ಮರೆತಿದ್ದರು. 2022ರಲ್ಲಿ ಎದ್ದು ಯಳಂದೂರು ಸೀಮೆಯ ಹೊಲ, ರಸ್ತೆ, ಮನೆ ಎಲ್ಲ ಖುದ್ದಾಗಿ ಸ್ಥಳ ಪರಿಶೀಲನೆ ಮಾಡಿದಳು. ಹನೂರಿನ ಹಳ್ಳಗಳೂ ಅದೇ ಜಾತಿ. ಒಣಗಿದ ಹಳ್ಳ ನೋಡೋಕೆ ಥೇಟ್ ಸೈಟು.

ನಿಮ್ಮ ಬೇಡಿಕೆ?

ಬಡಾವಣೆ ನಕ್ಷೆಗೆ ಮೊಹರು ಒತ್ತೋ ಮೊದಲು, ಈವರೆಗೆ ದಾಖಲಾದ ಅತಿ ಎತ್ತರದ ನೆರೆಮಟ್ಟದ ಗೆರೆಯೊಂದನ್ನ ಅದರ ಮೇಲೆ ಎಳೀಲಿ. ಅಂಕಿ ನಾನು ಕೊಡ್ತೀನಿ, ಪುಕ್ಕಟೆ.

ಓದುಗರಿಗೆ ಏನಾದರೂ?

ಸೈಟನ್ನ ಮಾರ್ಚ್‌ನಲ್ಲಿ ನೋಡಬೇಡಿ, ಆಗಸ್ಟ್‌ನಲ್ಲಿ ನೋಡಿ. ಅಡ್ವಾನ್ಸ್ ಕೊಡೋ ಮುಂಚೆ, 2019ರಲ್ಲಿ ಇಲ್ಲಿ ನೀರು ಎಷ್ಟು ನಿಂತಿತ್ತು ಅಂತ ಊರಿನ ಹಿರಿಯರನ್ನ ಕೇಳಿ. ಬ್ರೋಕರನ್ನ ಕೇಳಬೇಡಿ.