ಧಾರಾವಾಹಿ ರೋಗನಿದಾನ: ಕುಬಿಹಾಳ ಪಾಠ

ಶಾಸ್ತ್ರಗ್ರಂಥದ ಮೊದಲಿಗೇ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಇಲ್ಲಿ ಅಧಿಕಾರಿ, ಕುಂದಗೋಳ ತಾಲೂಕು ಕುಬಿಹಾಳದ ನಮ್ಮ ಅತ್ತಿ. ವಿಷಯ, ಟಿವಿಯೊಳಗಿನ ದವಾಖಾನಿ. ಸಂಬಂಧ, ಡಿಶ್ಶಿನ ವಾಯರು. ಪ್ರಯೋಜನ ಹುಡುಕುತ್ತಿದ್ದೇವೆ.

ಆಯುರ್ವೇದದಲ್ಲಿ ರೋಗಗಳನ್ನು ಸಾಧ್ಯ, ಯಾಪ್ಯ, ಅಸಾಧ್ಯವೆಂದು ವಿಂಗಡಿಸುತ್ತಾರೆ. ಔಷಧ ನಡೆದಷ್ಟು ದಿನ ತಡೆದುಕೊಂಡಿರುವುದು ಯಾಪ್ಯ. ಧಾರಾವಾಹಿಯಲ್ಲಿ ಔಷಧದ ಜಾಗಕ್ಕೆ ಟಿಆರ್‌ಪಿ ಎಂದು ಓದಿಕೊಳ್ಳತಕ್ಕದ್ದು. ಅಸಾಧ್ಯದ ಲಕ್ಷಣವನ್ನು ಅತ್ತಿಯೇ ಸೂತ್ರೀಕರಿಸಿದ್ದಾಳೆ: ಆಪರೇಶನ್ ಕೋಣೆಯಿಂದ ಹೊರಬಂದ ಡಾಕ್ಟರು ಚಷ್ಮಾ ತೆಗೆದರೆ ಮುಗಿಯಿತು.

ಯಾಪ್ಯಗಳಲ್ಲಿ ಶ್ರೇಷ್ಠವಾದದ್ದು ಕೋಮಾ. 1974ರಲ್ಲಿ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ಅವರು ಕಣ್ಣು, ಮಾತು, ಕೈಕಾಲಿನ ಚಲನೆ ನೋಡಿ ಪ್ರಜ್ಞೆಯನ್ನು ಅಳೆಯುವ ಪದ್ಧತಿ ಮಾಡಿದರು; ಈಗ ಅದರಲ್ಲಿ 3ರಿಂದ 15ರವರೆಗೆ ಅಂಕ. ಸತ್ತವನಿಗೂ 3 ಸಿಗುವ ಉದಾರ ಪರೀಕ್ಷೆ. ಧಾರಾವಾಹಿ-ಕೋಮಾ ಇದಕ್ಕೂ ದಕ್ಕದು. ಕಣ್ಣು ಮುಚ್ಚಿದೆ, ಲಿಪ್‌ಸ್ಟಿಕ್ ಮಾಸಿಲ್ಲ, ಕಿವಿ ಮಾತ್ರ ಬಲು ಚುರುಕು. ಕೆಟ್ಟ ಸೊಸೆ ಹಾಸಿಗೆಯ ಬದಿಗೆ ಬಂದು ಮಾಡಿದ್ದನ್ನೆಲ್ಲ ಒದರಿದಾಗ ಒಂದು ಬೆರಳು ಅಲುಗುತ್ತದೆ. ಶುಕ್ರವಾರ ಅಲುಗಿದ್ದು ಪೂರ್ತಿ ಮೇಲೇಳಲು ಸೋಮವಾರ ಬರಬೇಕು. ಅತ್ತಿಯ ಟೀಕೆ: "ಅಕಿಗೆ ಏನೂ ಆಗಿಲ್ಲೋ ತಮ್ಮಾ. ಆಸ್ತಿ ಯಾರ ಹೆಸರಿಗಿ ಆತು ಅಂತ ತಿಳಿಯೂತನಾ ಏಳಂಗಿಲ್ಲ."

ಇನ್ನು ಹೃದಯ. ಗೆರೆ ಸಪಾಟಾದದ್ದೇ ತಡ, ಇಸ್ತ್ರಿಪೆಟ್ಟಿಗೆಯಂಥ ಎರಡನ್ನು ತಿಕ್ಕಿ ಎದೆಗೆ ಒತ್ತುತ್ತಾರೆ. ಆ ಯಂತ್ರವಿರುವುದು ತಾಳತಪ್ಪಿ ನಡುಗುವ ಹೃದಯಕ್ಕೆ. ಸಪಾಟು ಗೆರೆಗೆ ಶಾಕ್ ಕೊಡುವುದೆಂದರೆ ಕರೆಂಟಿಲ್ಲದಾಗ ಪಂಪ್‌ಸೆಟ್ಟಿನ ಗುಂಡಿ ಒತ್ತಿದ ಹಾಗೆ. ಅಲ್ಲಿ ಬೇಕಾದದ್ದು ಎದೆ ಒತ್ತುವುದು, ಅಡ್ರಿನಲಿನ್. ಇದು ನಮ್ಮವರದೊಂದೇ ತಪ್ಪಲ್ಲ. 1996ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಲೆಕ್ಕದಂತೆ, ಅಮೆರಿಕದ ಟಿವಿಯಲ್ಲಿ ಎದೆ ಒತ್ತಿಸಿಕೊಂಡವರಲ್ಲಿ ನೂರಕ್ಕೆ 75 ಜನ ಆ ಗಂಡಾಂತರ ದಾಟಿದ್ದರು. ನಿಜವಾದ ದವಾಖಾನೆಗಳಿಗೆ ಈ ಭಾಗ್ಯವಿಲ್ಲ.

ವಾಂತಿಗೆ ಅರ್ಥ ಒಂದೇ, ಭಾಷ್ಯ ಬೇಡ.

ಸೊಂಟನೋವು ಮಾತ್ರ ಈ ಶಾಸ್ತ್ರದಲ್ಲಿ ಎಲ್ಲಿಯೂ ಇಲ್ಲ. ಹತ್ತಿ ಬಿಡಿಸಿ ಬಂದು ಟಿವಿ ಮುಂದೆ ಕೂತವರಿಗೆ ಏಳುವಾಗ ಬರುವ ರೋಗವದು.

ಹೋದ ಸುಗ್ಗಿಯಲ್ಲಿ ಅತ್ತಿಯೇ ಹೊಲದಲ್ಲಿ ಚಕ್ರ ಬಂದು ಬಿದ್ದಳು. ಹುಬ್ಬಳ್ಳಿಗೆ ಒಯ್ದು ಸಲೈನ್ ಹಚ್ಚಿಸಿದೆವು. ಡಾಕ್ಟರು ಬಿಪಿ ಎಂದರು, ಉಪ್ಪು ಕಡಿಮೆ ಎಂದರು, ಗುಳಿಗೆ ತಪ್ಪಿಸಬೇಡಿ ಎಂದರು. ಅವರು ಹೋದ ಮೇಲೆ ಅತ್ತಿ ಮೆಲ್ಲಗೆ ನನ್ನ ಕಡೆ ಹೊರಳಿದಳು. "ಗುಳಗಿ ಯಾಕೋ? ಚಷ್ಮಾ ಎಲ್ಲಿ ತಗದ್ರು ಅವರು?"