ಓಪನ್ ಆಗದ ಫೈಲೂ ಡಿಟಿಪಿ ಅಣ್ಣನೂ

ಚಳ್ಳಕೆರೆ, ನಾಯಕನಹಟ್ಟಿ, ಮೊಳಕಾಲ್ಮುರು ಸೀಮೆಯಲ್ಲಿ ಡಿಟಿಪಿ ಆಪರೇಟರ್ ಕಾಣಸಿಗುವುದು ಹೆಚ್ಚಾಗಿ ಸರ್ಕಾರಿ ಕಚೇರಿಗಳ ಆಸುಪಾಸಿನಲ್ಲಿ, ಜೆರಾಕ್ಸ್ ಯಂತ್ರದ ಹಿಂದೆ. ಅಂಗಡಿಯ ಬೋರ್ಡಿನಲ್ಲಿ ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ, ಲಗ್ನಪತ್ರಿಕೆ, ಫ್ಲೆಕ್ಸ್ ಎಂದೆಲ್ಲ ಬರೆದಿರುತ್ತದೆ. ಬರೆಯದೆ ಬಿಟ್ಟಿರುವುದು ಆತನ ನಿಜವಾದ ಕಸುಬನ್ನು: ಬೇರೆಯವರು ಎಲ್ಲೋ ಮಾಡಿದ, ಈಗ ಎಲ್ಲೂ ಓಪನ್ ಆಗದ ಫೈಲನ್ನು ಓಪನ್ ಮಾಡಿಕೊಡುವುದು. ವಯಸ್ಸು ನಲವತ್ತರ ಆಚೀಚೆ. ತನಗಿಂತ ಹಿರಿಯರಿಗೂ ಆತ ‘ಅಣ್ಣ’ನೇ, ಫೈಲ್ ತೆರೆಯುವವರೆಗಾದರೂ.

ಆತನ ಬಳಿ ಎರಡು ಕಂಪ್ಯೂಟರುಗಳಿರುತ್ತವೆ. ಹೊಸದು ಗಿರಾಕಿಗಳಿಗೆ ಕಾಣುವಂತೆ ಮುಂದಿದ್ದರೆ ಹಳೆಯದು ಬಟ್ಟೆ ಹೊದ್ದು ಮೂಲೆಯಲ್ಲಿರುತ್ತದೆ. ಅದರಲ್ಲಿ ವಿಂಡೋಸ್ ಎಕ್ಸ್‌ಪಿ, ಪೇಜ್‌ಮೇಕರ್, ಕೋರೆಲ್ ಡ್ರಾ 11, ಇನ್ನೊಂದು ಡ್ರೈವಿನಲ್ಲಿ ಕೋರೆಲ್ ಎಕ್ಸ್3. ಎಕ್ಸ್‌ಪಿಯನ್ನು ಮೈಕ್ರೋಸಾಫ್ಟ್ ಕೈಬಿಟ್ಟದ್ದು 2014ರ ಏಪ್ರಿಲ್ 8ರಂದು. ಈತ ಇನ್ನೂ ಬಿಟ್ಟಿಲ್ಲ. 1985ರಲ್ಲಿ ಆಲ್ಡಸ್ ಕಂಪನಿ ಹೊರತಂದ ಪೇಜ್‌ಮೇಕರ್ 1994ರಲ್ಲಿ ಅಡೋಬಿಯ ಪಾಲಾಗಿ, 2001ರ 7.0 ಆವೃತ್ತಿಯೊಂದಿಗೆ ನಿಂತೇಹೋಯಿತು. ಆದರೆ ಶಾಲೆಯ ಪ್ರಶ್ನೆಪತ್ರಿಕೆ, ಸಂಘದ ವಾರ್ಷಿಕ ವರದಿ, ಊರಿನ ವಾರಪತ್ರಿಕೆಗಳು ಅದರಲ್ಲೇ ಹುಟ್ಟಿದವು. ಆದ್ದರಿಂದ ಮೂಲೆಯ ಕಂಪ್ಯೂಟರನ್ನು ಈತ ಇಂಟರ್ನೆಟ್ಟಿನ ಗಾಳಿಯೂ ಸೋಕದಂತೆ ಕಾಪಾಡಿಕೊಂಡು ಬಂದಿದ್ದಾನೆ.

ವರ್ಷನ್ನುಗಳ ನಡುವಿನ ಸಂಬಂಧ ಅವಿಭಕ್ತ ಕುಟುಂಬದ್ದು. ಅಜ್ಜನ ಮಾತು ಮೊಮ್ಮಗನಿಗೆ ತಿಳಿಯುತ್ತದೆ, ಮೊಮ್ಮಗನದು ಅಜ್ಜನಿಗೆ ತಿಳಿಯುವುದಿಲ್ಲ. 2014ರ ಕೋರೆಲ್ ಎಕ್ಸ್7, 2006ರ ಎಕ್ಸ್3ರಲ್ಲಿ ಮಾಡಿದ ಫೈಲನ್ನು ತೆರೆಯುತ್ತದೆ. ಎಕ್ಸ್3 ಮಾತ್ರ ಎಕ್ಸ್7ರ ಫೈಲ್ ಕಂಡರೆ ಮುಖ ತಿರುಗಿಸುತ್ತದೆ. ಕೆಲವು ಮೊಮ್ಮಕ್ಕಳು ಅಜ್ಜನ ಮಾತನ್ನೂ ಮರೆಯುತ್ತಾರೆ. ಪೇಜ್‌ಮೇಕರ್ ಫೈಲುಗಳನ್ನು ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್ ತೆರೆಯುತ್ತಿದ್ದದ್ದು 2012ರ ಸಿಎಸ್6ರವರೆಗೆ ಮಾತ್ರ. ಅನಂತರದ ಸಿಸಿ ಆವೃತ್ತಿಗಳಿಗೆ ಆ ಗುರುತು ಪರಿಚಯವೇ ಇಲ್ಲ.

ತೊಂದರೆಯ ಪತ್ತೆ ಆರಂಭವಾಗುವುದು ವಿಚಾರಣೆಯಿಂದ.

‘ಯಾವ ವರ್ಷನ್ನಾಗೆ ಮಾಡ್ಸಿದ್ದು ಯಜಮಾನ್ರೇ?’

‘ಬೆಂಗ್ಳೂರಾಗೆ ಮಾಡ್ಸಿದ್ದಪ್ಪ.’

‘ಅದಲ್ಲ, ಯಾವ ಸಾಫ್ಟ್‌ವೇರು?’

‘ನಮ್ ಅಳಿಯ ಕಂಪ್ಯೂಟರ್‌ನಾಗೇ ಮಾಡಿರದು.’

ಇಷ್ಟರಿಂದ ಏನೂ ತಿಳಿಯದು ಎಂಬುದು ಆಪರೇಟರಿಗೆ ಮೊದಲೇ ಗೊತ್ತು. ಆದರೂ ಕೇಳುತ್ತಾನೆ. ಕೇಳದೆ ಕೆಲಸ ಮುಗಿಸಿದರೆ ಕೆಲಸ ಸುಲಭದ್ದೆಂದು ಗಿರಾಕಿ ಭಾವಿಸಿಬಿಡುವ ಅಪಾಯವಿದೆ.

ಎರಡನೆಯ ಹಂತ ಫೈಲಿನ ಬಾಲದ ಪರೀಕ್ಷೆ. ಪೇಜ್‌ಮೇಕರ್ 6.5ರ ಫೈಲು ಪಿ65 ಎಂದೂ, 7.0ರ ಫೈಲು ಪಿಎಂಡಿ ಎಂದೂ, ಕೋರೆಲಿನದು ಸಿಡಿಆರ್ ಎಂದೂ ಮುಗಿಯುತ್ತವೆ. ಅಳಿಯನಂಥ ಜಾಣರು ಆಗಲೇ ಬಾಲ ಕತ್ತರಿಸಿ ಪಿಡಿಎಫ್ ಎಂದು ಹೊಸದನ್ನು ಅಂಟಿಸಿರುತ್ತಾರೆ; ಇದರಿಂದ ಫೈಲಿನ ಒಳಗೆ ಒಂದಕ್ಷರವೂ ಬದಲಾಗುವುದಿಲ್ಲ. ಆಪರೇಟರ್ ಮಾಡುವ ಬಾಲದ ಬದಲಾವಣೆಗೆ ಮಾತ್ರ ಅರ್ಥವಿದೆ. 2008ರ ಎಕ್ಸ್4ರಿಂದೀಚೆಗೆ ಕೋರೆಲ್ ಫೈಲೆಂದರೆ ಒಳಗೊಳಗೆ ಒಂದು ಜಿಪ್ ಗಂಟು. ಹೆಸರಿನ ಕೊನೆಗೆ ಜಿಪ್ ಎಂದು ಹಾಕಿ ಬಿಚ್ಚಿದರೆ ಹೆಬ್ಬೆರಳುಗುರಿನಷ್ಟು ಚಿತ್ರವೊಂದು ಸಿಗುತ್ತದೆ. ಮದುಮಗನ ಮುಖ, ಹಿಂದೆ ತೋರಣ. ಕೆಲಸಕ್ಕೆ ಬಾರದ ಚಿತ್ರವೇ, ನಿಜ. ಆದರೆ ಫೈಲಿಗೆ ಜೀವವಿದೆ ಎಂದು ಗಿರಾಕಿಗೆ ತೋರಿಸಿ ಕೂರಿಸಿಕೊಳ್ಳಲು ಅಷ್ಟು ಸಾಕು.

ಮೂರನೆಯದು, ಫೈಲ್ ಮಾಡಿದವರಿಗೇ ಫೋನ್ ಹಚ್ಚಿ ಹಳೇ ವರ್ಷನ್ನಿಗೆ ಸೇವ್ ಮಾಡಿಸುವುದು. ಶಾಸ್ತ್ರೀಯವಾಗಿ ಸರಿಯಾದ ಪರಿಹಾರ ಇದೊಂದೇ. ಕೋರೆಲಿನ ‘ಸೇವ್ ಆ್ಯಸ್’ ಕಿಟಕಿಯಲ್ಲಿ ವರ್ಷನ್ ಆರಿಸುವ ಪಟ್ಟಿಯಿದೆ. ಇನ್‌ಡಿಸೈನ್‌ನಲ್ಲಿ ಸಿಎಸ್4ರಿಂದ ಐಡಿಎಂಎಲ್ ಎಂಬ ಹೊಂದಾಣಿಕೆಯ ರೂಪವಿದೆ. ಫೋನಿನ ಮಾತು ಮಾತ್ರ ಸಾಮಾನ್ಯವಾಗಿ ಹೀಗೆ ಸಾಗುತ್ತದೆ: ‘ಎಕ್ಸ್3ಗೆ ಸೇವ್ ಮಾಡ್ರಿ.’ ‘ಎಕ್ಸ್3 ಇಲ್ಲ ಸಾರ್, 13 ಅಂತ ಇದೆ.’ ‘ಅದೇ ಅದು.’ ‘ಇಲ್ಲ ಸಾರ್, ಇದು ಬೇರೆ.’ ಎಕ್ಸ್ ಎಂದರೆ ರೋಮನ್ನರ ಹತ್ತು, ಆದ್ದರಿಂದ ಎಕ್ಸ್3 ಎಂದರೆ 13, ಎಕ್ಸ್7 ಎಂದರೆ 17 ಎಂಬ ಪಾಠ ಜೆರಾಕ್ಸ್ ಯಂತ್ರದ ಸದ್ದಿನ ಮೇಲೆ ಧ್ವನಿಯೇರಿಸಿ ನಡೆಯುತ್ತದೆ. 2017ರಿಂದ ಕಂಪನಿ ಇಸವಿಯನ್ನೇ ಹೆಸರಾಗಿಟ್ಟ ಮೇಲೆ ಪಾಠ ಇನ್ನೂ ಉದ್ದವಾಗಿದೆ.

ಈ ಹೊತ್ತಿಗೆ ಬೆಂಚಿನ ಮೇಲೆ ಪಹಣಿಗೆ ಕಾದು ಕುಳಿತವರು ವರವು ಕಾವಲಿನ ಮಾತೆತ್ತುವುದುಂಟು. ಒಂದು ಕಾಲದಲ್ಲಿ ದನಕುರಿ ಮೇಯುತ್ತಿದ್ದ ಆ ಅಮೃತಮಹಲ್ ಹುಲ್ಲುಗಾವಲಿನಲ್ಲಿ ಈಗ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವಿದೆ. 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೋದ ಮರುಬಳಕೆ ನೌಕೆಯ ಮಾದರಿಯನ್ನು ಚಿನೂಕ್ ಹೆಲಿಕಾಪ್ಟರ್ ಸುಮಾರು 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು; ಅದು ಯಾರ ನೆರವೂ ಇಲ್ಲದೆ ಅಲ್ಲಿನ ರನ್‌ವೇಯಲ್ಲಿ ಬಂದಿಳಿಯಿತು. ‘ಅಲ್ಲಿ ರಾಕೆಟ್ಟೇ ತಾನಾಗಿ ಇಳೀತೈತೆ, ನಿನ್ ಕೈಲಿ ಒಂದು ಮದ್ವೆ ಕಾರ್ಡ್ ತೆಗೆಯಾಕಾಗಲ್ವಾ?’ ಎಂಬ ಪ್ರಶ್ನೆಗೆ ಆಪರೇಟರಿನ ಉತ್ತರ ಸಿದ್ಧವಿದೆ: ‘ಅವ್ರದ್ದು ಎಲ್ಲಾ ಒಂದೇ ವರ್ಷನ್ ಕಣಣ್ಣ.’

ಹೇಗೋ ಫೈಲ್ ತೆರೆದುಕೊಂಡಿತು ಎನ್ನೋಣ. ಅಲ್ಲಿಗೆ ತೊಂದರೆ ಶುರುವಾಯಿತೆಂದು ತಿಳಿಯಬೇಕು, ಏಕೆಂದರೆ ಫಾಂಟ್ ಬಂದಿರುವುದಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದವು. ಫಾಂಟ್ ಇಲ್ಲದಿದ್ದರೆ ಮುಸುಕು ಸರಿಯುತ್ತದೆ: ‘ನ’ ಇದ್ದಲ್ಲಿ ಬ್ರಿಟಿಷ್ ಪೌಂಡಿನ ಗುರುತು, ‘ಪ’ ಇದ್ದಲ್ಲಿ ಜಪಾನಿನ ಯೆನ್. ಸಾಲಿನ ಮೊದಲಿಗೇ ಯೆನ್ ಕಂಡರೆ ‘ಪಂಚಾಯ್ತಿದಿರಬೇಕು’ ಎಂದು ಆಪರೇಟರ್ ಅಲ್ಲೇ ಊಹಿಸುತ್ತಾನೆ. ‘ಬಿ’ ಇದ್ದಲ್ಲಿ ಕಾಪಿರೈಟ್ ಗುರುತು, ‘ಲ’ ಇದ್ದಲ್ಲಿ ನೋಂದಾಯಿತ ಟ್ರೇಡ್‌ಮಾರ್ಕಿನ ಗುರುತು ಬರುತ್ತವೆ. ‘ಬಿಲ’ ಎಂದು ಬರೆದಿದ್ದರೆ ಎರಡೂ ಅಕ್ಕಪಕ್ಕ. ಸಾಫ್ಟ್‌ವೇರಿನ ಲೈಸೆನ್ಸ್ ವಿಚಾರ ಯಾರೂ ಎತ್ತದ ಅಂಗಡಿಯಲ್ಲಿ ಈ ಎರಡು ಗುರುತುಗಳಿಗೆ ದೊರೆಯುವ ಏಕೈಕ ಗೌರವ ಇದು.

ನುಡಿ ಮತ್ತು ಬರಹದ ಹಳೆಯ ಫಾಂಟುಗಳು ಬಹುಮಟ್ಟಿಗೆ ಒಂದಕ್ಕೊಂದು ಹೊಂದುತ್ತವೆ. ಶ್ರೀಲಿಪಿ ಎಂಬ ಮತ್ತೊಂದು ತಂತ್ರಾಂಶದ ಲೆಕ್ಕವೇ ಬೇರೆ. ಅದರಲ್ಲಿ ಮಾಡಿದ ಪಠ್ಯಕ್ಕೆ ನುಡಿ ಹಚ್ಚಿದರೆ ಅಕ್ಷರಗಳು ಕನ್ನಡದವೇ ಬರುತ್ತವೆ, ಮಾತು ಯಾವ ದೇಶದ್ದೆಂದು ತಿಳಿಯುವುದಿಲ್ಲ. ವಾಟ್ಸಾಪಿನಲ್ಲಿ ಬಂದ ಯೂನಿಕೋಡ್ ಸಾಲುಗಳನ್ನು ಪೇಜ್‌ಮೇಕರಿಗೆ ಅಂಟಿಸಿದರೆ ಅದು ಸಾಲುದ್ದ ಪ್ರಶ್ನಾರ್ಥಕ ಚಿಹ್ನೆಗಳನ್ನಿಟ್ಟು ಮರುಪ್ರಶ್ನೆ ಹಾಕುತ್ತದೆ. ಇನ್‌ಡಿಸೈನ್‌ಗೆ ಕನ್ನಡದ ಒತ್ತಕ್ಷರ ಜೋಡಿಸಲು ಬಂದದ್ದು ಸಿಎಸ್6ರಲ್ಲಿ, ಅದೂ ಅದಕ್ಕೆಂದೇ ಇರುವ ಕಂಪೋಸರನ್ನು ಆರಿಸಿದರೆ ಮಾತ್ರ. ಇಲ್ಲವಾದರೆ ಒತ್ತುಗಳು ಅಕ್ಷರದ ಕಾಲಡಿಗೆ ಬಾರದೆ ಪಕ್ಕದಲ್ಲೇ ನಿಲ್ಲುತ್ತವೆ.

ಒಂದೇ ಬರಹಕ್ಕೆ ಎರಡು ಲಿಪಿ ಬೆರೆಸಿದ ಉದಾಹರಣೆ ಈ ಸೀಮೆಗೆ ಹೊಸದಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದ ಚಪಡನೆಂಬ ಲಿಪಿಕಾರ, ತನ್ನ ಹೆಸರಿನ ಮುಂದೆ ಲಿಪಿಕಾರನೆಂದು ಹೇಳಿಕೊಳ್ಳುವ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದ. ಖರೋಷ್ಠಿ ಬಲ್ಲವರು ಇಲ್ಲಿಂದ ಬಹುದೂರದ ವಾಯವ್ಯ ಭಾರತದಲ್ಲಿದ್ದರು. ಗಿರಾಕಿಗೆ ಓದಲು ಬಾರದ ಫಾಂಟಿನಲ್ಲಿ ತನ್ನ ಕಸುಬಿನ ಹೆಸರು ಹಾಕಿಕೊಳ್ಳುವ ಚಟವನ್ನು ಇಂದಿನ ಆಪರೇಟರೂ ಬಿಟ್ಟಿಲ್ಲ. ಪ್ರತಿ ಫ್ಲೆಕ್ಸಿನ ಮೂಲೆಯಲ್ಲಿ ಇರುವೆ ಗಾತ್ರದಲ್ಲಿ ಅಂಗಡಿಯ ಹೆಸರಿರುತ್ತದೆ.

ಫಾಂಟಿನ ಕಾಟದಿಂದ ಪಾರಾಗಲು ಮುದ್ರಣದವರು ಕಂಡುಕೊಂಡ ಉಪಾಯ ‘ಕರ್ವ್’: ಅಕ್ಷರಗಳನ್ನೆಲ್ಲ ಬರೀ ಗೆರೆಗಳ ಆಕಾರವಾಗಿಸುವುದು. ಆಮೇಲೆ ಯಾವ ಕಂಪ್ಯೂಟರಿನಲ್ಲೂ ಅಕ್ಷರ ಅಲುಗದು, ತಿದ್ದಲೂ ಬಾರದು. ಲಗ್ನಪತ್ರಿಕೆ ಕರ್ವ್ ಆಗಿ ಬಂದ ಮೇಲೆಯೇ ಮುಹೂರ್ತ ಗುರುವಾರವಲ್ಲ, ಶುಕ್ರವಾರ ಎಂದು ಬೀಗರಿಗೆ ನೆನಪಾಗುವುದು. ಆಗ ನಡೆಯುವುದು ಅಂಗಾಂಗ ಕಸಿ. ‘ವಾರ’ ಸ್ಥಳದಲ್ಲೇ ಇದೆ. ‘ಶು’ವನ್ನು ‘ಶುಭವಿವಾಹ’ದಿಂದ ನಕಲು ಮಾಡಿ ಅಳತೆಗೆ ಕುಗ್ಗಿಸಬಹುದು. ‘ಕ್ರ’ಕ್ಕಾಗಿ ಸುಖಾಗಮನ ಬಯಸುವವರ ಪಟ್ಟಿಯನ್ನು ಜಾಲಾಡಬೇಕು, ವಿಕ್ರಮನೆಂಬ ಚಿಕ್ಕಪ್ಪನಿದ್ದರೆ ಆತನಿಂದ ಪಡೆಯುವುದು, ಇಲ್ಲದಿದ್ದರೆ ಎಲ್ಲಿಂದಲೋ ಒಂದು ‘ಕ’ ತಂದು ‘ಶ್ರೀ’ಯ ಒತ್ತನ್ನು ಬಿಡಿಸಿ ಅದರ ಕೆಳಗೆ ಜೋಡಿಸುವುದು. ಹೀಗೆ ಕಟ್ಟಿದ ಶುಕ್ರವಾರ ಹತ್ತಿರದಿಂದ ನೋಡಿದರೆ ತುಸು ಸೊಟ್ಟ. ಮದುವೆಗೆ ಬರುವವರು ಹತ್ತಿರದಿಂದ ನೋಡುವುದು ಊಟದ ಸಮಯವನ್ನು ಮಾತ್ರ.

ಇವೆಲ್ಲ ವಿಫಲವಾದಾಗ ಕೊನೆಯ ಹಂತ ಹೊಸದಾಗಿ ಟೈಪ್ ಮಾಡುವುದು. ಅನುಭವಿ ಆಪರೇಟರಿಗೆ ಮೊದಲ ನಿಮಿಷದಲ್ಲೇ ಇದು ಹೊಳೆದಿರುತ್ತದೆ, ಆದರೆ ಹಿಂದಿನ ಹಂತಗಳನ್ನು ಹಾರಿ ಇಲ್ಲಿಗೆ ಬರುವುದು ವೃತ್ತಿಧರ್ಮವಲ್ಲ. ಬಿಲ್ ಆಗುವುದು ಟೈಪಿಂಗಿಗೆ ಮಾತ್ರ, ಪತ್ತೆದಾರಿಕೆ ಪುಕ್ಕಟೆ. ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರಿನ ಪೋಸ್ಟರುಗಳ ಕಾಲಕ್ಕೆ ಈ ಪುಕ್ಕಟೆ ಕೆಲಸ ರಾತ್ರಿ ಹನ್ನೊಂದರವರೆಗೂ ನಡೆಯುತ್ತದೆ.

ನಷ್ಟ ತುಂಬಿಕೊಳ್ಳುವ ದಾರಿ ಒಂದಿದೆ. ಕೆಲಸ ಮುಗಿದ ಮೇಲೆ ಗಿರಾಕಿಗೆ ಸಿಗುವುದು ಪಿಡಿಎಫ್. ತಿದ್ದಬಹುದಾದ ಮೂಲ, ಅಂದರೆ ‘ಓಪನ್ ಫೈಲ್’, ಬಟ್ಟೆ ಹೊದ್ದ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಮುಂದಿನ ವರ್ಷ ಇಸವಿಯೊಂದನ್ನು ಬದಲಿಸಲೂ ಇಲ್ಲಿಗೇ ಬರಬೇಕು. ತಿಳಿದವರು ಯಾರಾದರೂ ಪೆನ್‌ಡ್ರೈವ್ ಮುಂದೆ ಹಿಡಿದು ‘ಓಪನ್ ಫೈಲೇ ಕೊಟ್ಬಿಡಣ್ಣ’ ಎಂದರೆ ಆಪರೇಟರ್ ಮಾನಿಟರ್ ಆರಿಸಿ, ಫ್ಯಾನಿನ ಕೆಳಗೇ ಕುಳಿತು ಹೇಳುತ್ತಾನೆ: ‘ಕರೆಂಟ್ ಹೋಗೈತೆ, ನಾಳೆ ಬಾ.’